ಕೇಳಿ ಕೇಳಿಯಾಗೇ ಉಳಿಯಿತು, ಬೇಳೆ ಬ್ಯಾಳಿ ಆಯಿತು

ನಮ್ಮ ಕಲಬುರಗಿ ಮಾತಿನಲ್ಲಿ ‘ಬೇಡ’ ಬ್ಯಾಡ ಆಗಿದೆ, ‘ಬೇಕು’ ಮಾತ್ರ ಹಾಗೇ ಇದೆ. ‘ಮೇಲೆ’ ಮ್ಯಾಲ ಆಗಿದೆ, ‘ಬೇರು’ ಬದಲಾಗಿಲ್ಲ. ಎರಡನೇ ಅಕ್ಷರದಲ್ಲಿ ಅ, ಎ ಇದ್ದರೆ ಮೊದಲಿನ ‘ಏ’ ಅಗಲವಾಗುತ್ತದೆ. ಇ, ಉ ಇದ್ದರೆ ಇಲ್ಲ. ಇಷ್ಟು ಕಟ್ಟುನಿಟ್ಟಾದ ಮಾತನ್ನು ‘ಅಶುದ್ಧ’ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಧ್ವನಿ ಬದಲಾವಣೆ ಎಷ್ಟೋ ಸಲ ಕೇಳುಗರ ಕಿವಿಯಲ್ಲಿ ಶುರುವಾಗುತ್ತದೆ ಎಂದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಧ್ವನಿವಿಜ್ಞಾನಿ ಜಾನ್ ಓಹಾಲಾ 1981ರಲ್ಲಿ ವಾದಿಸಿದರು. ಮುಂದಿನ ಸ್ವರಕ್ಕೆ ಬಾಯಿ ಮೊದಲೇ ಸಜ್ಜಾಗುವುದರಿಂದ ‘ಬೇಡ’ದ ಏ ತುಸು ತೆರೆದಿರುತ್ತದೆ. ಕೇಳುವವರು ಆ ವ್ಯತ್ಯಾಸವನ್ನು ಮುಂದಿನ ‘ಅ’ ಲೆಕ್ಕಕ್ಕೆ ಹಾಕಿ, ಏ ಎಂದೇ ತಿಳಿಯುತ್ತಾರೆ. ಹಾಗೆ ತಿಳಿಯದವರಿಗೆ ಅದು ‘ಬ್ಯಾ’. ಅವರು ಆಡುವುದೂ ಹಾಗೇ.

ಇದನ್ನು ನಮ್ಮೂರ ಕಿವಿಗಳಲ್ಲಿ ನೋಡಬೇಕೆನಿಸಿತು. ಮೈಸೂರು ಕಡೆಯವರು ಆಡಿದ ‘ಬೇಡ’, ‘ಬೇಕು’ಗಳನ್ನು ಫ್ಯಾನ್ ಬಂದ್ ಮಾಡಿ ರೆಕಾರ್ಡ್ ಮಾಡಿಕೊಂಡೆ. ಪ್ರಾಟ್ ಎಂಬ ಉಚಿತ ತಂತ್ರಾಂಶದಲ್ಲಿ ಮೊದಲ ಅಕ್ಷರವನ್ನಷ್ಟೇ ಕತ್ತರಿಸಿದೆ. ತೆರೆಯ ಮೇಲೆ ಕಾಣುವ ಧ್ವನಿಯ ಅಲೆ ಸೊನ್ನೆ ಗೆರೆಯನ್ನು ದಾಟುವಲ್ಲೇ ಕತ್ತರಿಸಬೇಕು. ಇಲ್ಲದಿದ್ದರೆ ಟಪ್ ಎಂಬ ಸದ್ದು ಬರುತ್ತದೆ, ಕಿವಿ ಅದನ್ನೂ ಒಂದು ವ್ಯಂಜನ ಮಾಡಿಕೊಳ್ಳುತ್ತದೆ.

ಇಡೀ ಪದ, ತುಂಡು ಎರಡನ್ನೂ ನಮ್ಮೂರವರಿಗೆ ಕೇಳಿಸಿದೆ. ಉತ್ತರ ಬರೆಸಲಿಲ್ಲ. ಪೆನ್ನು ಕೈಗೆ ಬಂತೆಂದರೆ ಶಾಲೆಯ ಕಾಗುಣಿತ ಅಡ್ಡ ಬರುತ್ತದೆ. “ಹ್ಯಾಂಗ ಕೇಳಿಸ್ತದ ಹಂಗೇ ಅನ್ರಿ” ಎಂದು ಬಾಯಲ್ಲೇ ಹೇಳಿಸಿ, ಅದನ್ನೂ ರೆಕಾರ್ಡ್ ಮಾಡಿದೆ. ಇಡೀ ಪದ ಕೇಳಿ ‘ಬೇಡ’ ಅಂದವರೇ ತುಂಡನ್ನು ಕೇಳಿದಾಗ ‘ಬ್ಯಾ’ ಅಂದರು. ‘ಬೇಕು’ವಿನ ತುಂಡು ಅವರಿಗೆ ‘ಬೇ’ ಎಂದೇ ಕೇಳಿಸಿತು. ಮುಂದಿನ ಅಕ್ಷರ ಕಾಣೆಯಾದರೆ ಕಿವಿಗೆ ಲೆಕ್ಕ ಹಾಕಲು ಏನೂ ಉಳಿಯುವುದಿಲ್ಲವಲ್ಲ!

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ತೊಗರಿ ಬ್ಯಾಳಿ. ಪದವನ್ನೇ ಓದಿಸಿದರೆ ಎಲ್ಲರೂ ‘ಬೇಳೆ’ ಅನ್ನುತ್ತಾರೆ. ಅದಕ್ಕೆ ಗಂಜಿನಲ್ಲಿ (ನಮ್ಮ ಕಾಳುಕಡಿ ಮಾರುಕಟ್ಟೆಯಲ್ಲಿ) ಒಪ್ಪಿಗೆ ಪಡೆದು ಮಾತಿಗೆ ಕೂತೆ: “ಕಾಕಾ, ಈ ಸಲ ರೇಟ್ ಹ್ಯಾಂಗದ?” ಸ್ವಲ್ಪ ಹೊತ್ತಿಗೆ ಮೈಕು ಮರೆತುಹೋಗುತ್ತದೆ, ‘ಬ್ಯಾಳಿ’ ತಾನಾಗೇ ಬರುತ್ತದೆ, ‘ಕೇಳಿ’ಯೂ ಬರುತ್ತದೆ. ಎರಡರಲ್ಲೂ ಈಗ ಕೊನೆಗಿರುವುದು ‘ಳಿ’. ಆದರೆ ಬಾಯಿ ತೆರೆದಷ್ಟೂ ಏರುವ ಮೊದಲ ಫಾರ್ಮಂಟ್ (ಬಾಯಿ-ಗಂಟಲಿನ ಪೊಳ್ಳು ಬಲಪಡಿಸುವ ಕಂಪನಾಂಕಗಳಲ್ಲಿ ಅತಿ ಕೆಳಗಿನದು) ‘ಬ್ಯಾಳಿ’ಯಲ್ಲಿ ಎತ್ತರಕ್ಕಿತ್ತು, ‘ಕೇಳಿ’ಯಲ್ಲಿ ಕೆಳಗಿತ್ತು. ‘ಕೇಳಿ’ಯಲ್ಲಿ ಮೊದಲಿನಿಂದಲೂ ಇ ಇದೆ. ‘ಬೇಳೆ’ಯ ಎ ಮಾತ್ರ ನಮ್ಮಲ್ಲಿ ಮನೆ ಮನಿ ಆದ ಹಾಗೆ ಇ ಆಯಿತು. ಏ ಅಗಲವಾಗಲು ಕಾರಣವಾಗಿದ್ದ ಸ್ವರವೇ ಹೋದರೂ ಅಗಲ ಹೋಗಲಿಲ್ಲ. ನಾಲಗೆಯ ಅನುಕೂಲವೊಂದೇ ಕಾರಣವಾಗಿದ್ದರೆ ಇವತ್ತು ನಾವು ‘ಬೇಳಿ’ ಅನ್ನಬೇಕಿತ್ತು. ಆ ಎ ಹೋಗುವ ಮೊದಲೇ ನಮ್ಮ ಹಿರಿಯರ ಕಿವಿ ‘ಬ್ಯಾ’ವನ್ನು ಪದದ ಸ್ವಂತ ಸ್ವರವೆಂದು ಒಪ್ಪಿಕೊಂಡಿರಬೇಕು.

ಈಗ ‘ಓ’ ಸರದಿ. ಗೋಡೆ ಗ್ವಾಡಿ ಆಗಿದೆ, ಕೋಳಿ ಕೋಳಿಯಾಗೇ ಇದೆ. ಆಳಂದ, ಸೇಡಂ ಕಡೆಯ ಹಿರಿಯರ ಮಾತಿನಲ್ಲಿ ಈ ಎರಡನ್ನೂ ರೆಕಾರ್ಡ್ ಮಾಡುತ್ತಿದ್ದೇನೆ.