ಅಪ್ಪನ ಫೋನಿನ ಫೋಟೋ ರಾಶಿ ಕರಗಿಸಿದ್ದು ಹೀಗೆ

ಟೊಮೆಟೊ ಬೆಳೆಯುವ ಮನೆಯ ಫೋನಿನಲ್ಲಿ ಏನೇನಿರುತ್ತದೆ ಅಂತ ಕೋಲಾರದ ಕಡೆಯವರಿಗೆ ಹೇಳಬೇಕಾಗಿಲ್ಲ. ಮಂಡಿ ಬಿಲ್ಲು, ರೋಗ ಬಿದ್ದ ಎಲೆ, ಔಷಧಿ ಡಬ್ಬಿಯ ಲೇಬಲ್, ಸುಟ್ಟುಹೋದ ಮೋಟಾರ್ ಸ್ಟಾರ್ಟರ್, ಪಹಣಿ, ನೆಂಟರ ಮದುವೆ. ಇವೆಲ್ಲದರ ಮೇಲೆ ದಿನಾ ಬೆಳಿಗ್ಗೆ ಬಂದು ಬೀಳುವ ಗುಡ್ ಮಾರ್ನಿಂಗ್ ಗುಲಾಬಿಗಳು. ಅಪ್ಪನ ಫೋನಿನಲ್ಲಿ ಒಂದು ಆ್ಯಪ್ ಅಪ್‌ಡೇಟ್ ಆಗುವಷ್ಟೂ ಜಾಗ ಉಳಿಯದಾದಾಗ ಈ ಕೆಲಸ ನನ್ನ ಪಾಲಿಗೆ ಬಂತು.

ಡಿಲೀಟ್ ಬಟನ್ ಮುಟ್ಟುವ ಮೊದಲು, ಯಾವ ಫೋಟೋ ಎಲ್ಲೆಲ್ಲಿ ಇದೆ ಅಂತ ನೋಡಿಕೊಂಡೆ. ಜಾಸ್ತಿ ಜನ ಎಡವುವುದು ಇಲ್ಲೇ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆನ್ ಇದ್ದರೆ, 'ಹೇಗೂ ಅಲ್ಲೊಂದು ಕಾಪಿ ಇದೆಯಲ್ಲ' ಅಂತ ಅದೇ ಆ್ಯಪ್ ತೆರೆದು ಅಳಿಸುತ್ತಾರೆ. ಅಲ್ಲಿ ಅಳಿಸಿದರೆ ಫೋನಿನಿಂದಲೂ ಹೋಗುತ್ತದೆ, ಅಕೌಂಟಿನಿಂದಲೂ ಹೋಗುತ್ತದೆ. ಬ್ಯಾಕಪ್ ಆದ ಫೋಟೋಗಳ ಫೋನ್ ಕಾಪಿಯನ್ನಷ್ಟೇ ತೆಗೆಯಲು 'ಫ್ರೀ ಅಪ್ ಸ್ಪೇಸ್' ಅಂತ ಬೇರೆಯೇ ಇದೆ. ಆಲ್ಬಂ ಮಾಡಿದರೆ ಫೋಟೋ ಎರಡಾಯಿತು ಅಂತಲೂ ಅಲ್ಲ. ಮೂಲ ಫೋಟೋ ಅಳಿಸಿದರೆ ಆಲ್ಬಂನಿಂದಲೂ ಮಾಯ.

ಇನ್ನೊಂದು ವಿಷಯ. ವಾಟ್ಸಾಪ್‌ನಲ್ಲಿ ಬಂದ ಫೋಟೋಗಳ ಫೋಲ್ಡರ್ ತಾನಾಗೇ ಬ್ಯಾಕಪ್ ಆಗುತ್ತಿರುತ್ತದೆ ಅಂತ ನಂಬಿ ಕೂರಬೇಡಿ. ನಾವಾಗಿ ಆನ್ ಮಾಡದಿದ್ದರೆ ಕ್ಯಾಮೆರಾದಲ್ಲಿ ತೆಗೆದದ್ದು ಮಾತ್ರ ಮೇಲೆ ಹೋಗಿರುತ್ತದೆ.

2021ರ ಜೂನ್ 1ರಿಂದ ಗೂಗಲ್‌ನಲ್ಲಿ ಪುಕ್ಕಟೆ ಸಿಗುವುದು ಜಿಮೇಲ್, ಡ್ರೈವ್, ಫೋಟೋಸ್ ಎಲ್ಲಕ್ಕೂ ಸೇರಿ 15 ಜಿಬಿ ಅಷ್ಟೇ. ಅಪ್ಪನದು ಹೇಗೂ ತುಂಬಿತ್ತು. ಹಾಗಾಗಿ ಒಂದು ಹಾರ್ಡ್ ಡಿಸ್ಕ್ ತಂದು, ಫೋನನ್ನು ಕೇಬಲ್‌ನಲ್ಲಿ ಲ್ಯಾಪ್‌ಟಾಪಿಗೆ ಹಾಕಿ, ಕ್ಯಾಮೆರಾ ಫೋಲ್ಡರನ್ನೂ ವಾಟ್ಸಾಪ್ ಮೀಡಿಯಾ ಫೋಲ್ಡರನ್ನೂ ಅದಕ್ಕೆ ಕಾಪಿ ಮಾಡಿದೆ. ಕಟ್ ಮಾಡಿ ಪೇಸ್ಟ್ ಮಾಡುವುದು ಬೇಡವೇ ಬೇಡ. ಮಧ್ಯೆ ಕೇಬಲ್ ಸಡಿಲವಾದರೆ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಕಾಪಿ ಮುಗಿದ ಮೇಲೆ ಎರಡೂ ಕಡೆ ಫೈಲುಗಳ ಸಂಖ್ಯೆ, ಒಟ್ಟು ಸೈಜ್ ಹೋಲಿಸಿ ನೋಡಿದೆ. ಡಿಸ್ಕಿನಿಂದಲೇ ಹಳೆಯದು, ಹೊಸದು, ನಡುವಿನ ಒಂದೆರಡು ವಿಡಿಯೋ ತೆರೆದು ಓಡಿಸಿದೆ. ಹೆಸರು ಕಾಣಿಸಿತು ಅಂದ ಮಾತ್ರಕ್ಕೆ ಫೈಲ್ ಸರಿಯಾಗಿದೆ ಅಂತ ಅಲ್ಲ ಅಲ್ವಾ.

ಆಮೇಲೆ ಶುರುವಾಯಿತು ಅಸಲಿ ಕೆಲಸ. ಒಂದು ಮಂಡಿ ಬಿಲ್ಲಿನ ಕಥೆ ಕೇಳಿ. ಎಪಿಎಂಸಿ ಶೆಡ್ಡಿನಲ್ಲಿ ಬೆಳಕು ಸಾಲದು ಅಂತ ಅಪ್ಪ ಅದೇ ಬಿಲ್ಲನ್ನು ಮತ್ತೆ ಮತ್ತೆ ತೆಗೆಯುತ್ತಾರೆ. ಚೆನ್ನಾಗಿ ಬಂದದ್ದನ್ನು ನನಗೆ ವಾಟ್ಸಾಪ್ ಮಾಡುತ್ತಾರೆ, ಚಿಕ್ಕಪ್ಪನಿಗೂ ಮಾಡುತ್ತಾರೆ. ಕಳಿಸಿದ್ದರ ಕಾಪಿ 'ಸೆಂಟ್' ಅನ್ನೋ ಫೋಲ್ಡರಿನಲ್ಲಿ ಕೂರುತ್ತದೆ. ಚಿಕ್ಕಪ್ಪ ಅದನ್ನೇ ಮನೆ ಗ್ರೂಪಿಗೆ ಹಾಕಿದರೆ ಮತ್ತೊಂದು ಇಳಿಯಬಹುದು. ಡೂಪ್ಲಿಕೇಟ್ ಹುಡುಕುವ ಆ್ಯಪ್‌ಗಳಿಗೆ ಇವು ಎಷ್ಟೋ ಸಲ ಸಿಗುವುದೇ ಇಲ್ಲ. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸುವುದರಿಂದ ಕಣ್ಣಿಗೆ ಒಂದೇ ಆದರೂ ಫೈಲ್ ಬೇರೆ.

ನಾನು ಹಿಡಿದ ದಾರಿ ಫೈಲಿನ ಹೆಸರು. ವಾಟ್ಸಾಪ್ ಫೋಟೋದ ಹೆಸರಿನಲ್ಲಿ ತಾರೀಖು ಆದ ಮೇಲೆ 'ಡಬ್ಲ್ಯುಎ' (WA) ಅಂತ ಇದ್ದು ಒಂದು ನಂಬರ್ ಇರುತ್ತದೆ. ಅಪ್ಪನ ಕ್ಯಾಮೆರಾ ಫೋಟೋಗಳಲ್ಲಿ ತಾರೀಖು, ಸಮಯ ಮಾತ್ರ. ಎರಡೂ ಇದ್ದರೆ ಉಳಿಯಬೇಕಾದ್ದು ಕ್ಯಾಮೆರಾದ್ದೇ. ಅದು ಸ್ಪಷ್ಟ, ತೆಗೆದ ದಿನದ ವಿವರವೂ ಅದರೊಳಗೇ ಇರುತ್ತದೆ. ಬರೀ ವಾಟ್ಸಾಪಿನದ್ದೇ ಇದ್ದರೆ ಹೆಸರು ಬದಲಿಸಬೇಡಿ. ಅದರ ತಾರೀಖಿಗೆ ಆ ಹೆಸರೇ ಗತಿ.

ಬೇಗ ಜಾಗ ಬೇಕೆಂದರೆ ಫೋಟೋ ಬಿಡಿ, ವಿಡಿಯೋ ಹಿಡಿಯಿರಿ. 4ಕೆ ಅನ್ನೋ ಅತಿ ಸ್ಪಷ್ಟ ಗುಣಮಟ್ಟದಲ್ಲಿ ಒಂದು ನಿಮಿಷದ ವಿಡಿಯೋ, ಫೋನು ಮತ್ತು ಸೆಟ್ಟಿಂಗ್ ಮೇಲೆ, 170ರಿಂದ 400 ಎಂಬಿ ತಿನ್ನಬಹುದು. ಡ್ರಿಪ್ ಪೈಪ್ ಎಲ್ಲಿ ಒಡೆದಿದೆ ಅಂತ ತೋರಿಸಲು ಅಷ್ಟು ಬೇಕೇ? ಕ್ಯಾಮೆರಾವನ್ನು 1080ಪಿಗೆ ಇಳಿಸಿದೆ. ವಾಟ್ಸಾಪ್ ಸೆಟ್ಟಿಂಗ್ಸ್‌ನ 'ಮ್ಯಾನೇಜ್ ಸ್ಟೋರೇಜ್'ನಲ್ಲಿ 5 ಎಂಬಿಗಿಂತ ದೊಡ್ಡವು, ಹಲವು ಸಲ ಫಾರ್ವರ್ಡ್ ಆದವು ಅಂತ ಬೇರೆ ಬೇರೆ ತೋರಿಸುತ್ತದೆ. ಫಾರ್ವರ್ಡ್ ರಾಶಿಯನ್ನು ಹೆಚ್ಚುಕಮ್ಮಿ ಕಣ್ಣುಮುಚ್ಚಿ ಅಳಿಸಿದೆ. ಮನೆ ಗ್ರೂಪನ್ನು ಮಾತ್ರ ಹಾಗೆ ಮಾಡಲಿಲ್ಲ. ಅಲ್ಲಿ ಗುಲಾಬಿಗಳ ನಡುವೆ ಅಕ್ಕನ ಮಗುವಿನ ನಾಮಕರಣ ಇತ್ತು.

ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ ಯಾವುದನ್ನೂ ತೆಗೆಯಲಿಲ್ಲ. ನನಗೆ ಕಸ ಅನಿಸಿದ ಮಸುಕು ಎಲೆಯ ಫೋಟೋ ಅವರಿಗೆ ದಾಖಲೆ. "ಅದು ಹೋದ ವರ್ಷ ಅಂಗಮಾರಿ ಮೊದಲು ಕಂಡದ್ದು ಕಣೋ, ಯಾವ ತಿಂಗಳು ನೋಡು" ಅಂದರು. 2023ರ ಜುಲೈನ ಬಿಲ್ಲುಗಳ ಹತ್ತಿರ ಬಂದಾಗಂತೂ ನನ್ನ ಕೈಯನ್ನೇ ಪಕ್ಕಕ್ಕೆ ಸರಿಸಿದರು. ಆಗ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತಲ್ಲ! ಆ ರೇಟು ಮತ್ತೆ ಕಣ್ಣಿಗೆ ಬೀಳುವವರೆಗೂ ಅವು ಅಲ್ಲೇ ಇರಲಿ. ಅಂತರಗಂಗೆ ಬೆಟ್ಟದ ಮೆಟ್ಟಿಲ ಮೇಲೆ ತೆಗೆದ ಒಂದೇ ಥರದ ಸಾಲು ಫೋಟೋಗಳಲ್ಲಿ ಎಲ್ಲರ ಕಣ್ಣೂ ತೆರೆದಿದ್ದ ಎರಡನ್ನು ಉಳಿಸಲು ಅವರೇ ಒಪ್ಪಿದರು.

ಆಧಾರ್, ಪಾಸ್‌ಬುಕ್ ಫೋಟೋಗಳನ್ನು ಜಾಗಕ್ಕಿಂತ, ಬೇರೆಯವರ ಕೈಗೆ ಸಿಕ್ಕೀತು ಅನ್ನೋ ಭಯಕ್ಕೇ ಅಳಿಸಿದೆ. ಆಧಾರ್ ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿದೆ. ಪಹಣಿ ಬೇಕಾದಾಗ ಸರ್ಕಾರದ 'ಭೂಮಿ' ವೆಬ್‌ಸೈಟಿನಲ್ಲಿ ಸಿಗುತ್ತದೆ. ಯಾರಿಗೋ ಕಳಿಸಿದ ಚಾಟಿನಲ್ಲೂ ಒಂದು ಕಾಪಿ ಇರುತ್ತದೆ, ಅದನ್ನು ಮರೆಯಬೇಡಿ. ಹಾಗೇ 'ಒಂದೇ ಕ್ಲಿಕ್ಕಿಗೆ ಕ್ಲೀನ್' ಅನ್ನುವ ಗುರುತು ಪರಿಚಯವಿಲ್ಲದ ಆ್ಯಪ್‌ಗೆ ಇಡೀ ಗ್ಯಾಲರಿಯ ಅನುಮತಿ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಗೂಗಲ್ ಫೋಟೋಸ್‌ನಲ್ಲಿ ಅಳಿಸಿದವು ಅದರ ಟ್ರ್ಯಾಶ್‌ನಲ್ಲಿ, ಬ್ಯಾಕಪ್ ಆಗಿದ್ದರೆ 60 ದಿನ, ಇಲ್ಲದಿದ್ದರೆ 30 ದಿನ ಇರುತ್ತವೆ. ವಾಟ್ಸಾಪ್ ಒಳಗಿಂದ ಅಳಿಸಿದ್ದಕ್ಕೆ ಈ ಸೌಕರ್ಯ ಇಲ್ಲ. ಟ್ರ್ಯಾಶನ್ನು ಅಂದೇ ಖಾಲಿ ಮಾಡಲಿಲ್ಲ. ವಾಟ್ಸಾಪ್‌ನ ಆಟೋ ಡೌನ್‌ಲೋಡ್ ಆಫ್ ಮಾಡಿದ್ದೇನೆ. ಈಗ ಅಪ್ಪ ಬೇಕಾದ ಫೋಟೋವನ್ನು ಒತ್ತಿಯೇ ತೆರೆಯಬೇಕು. ಒಂದಿಷ್ಟು ದಿನ ಗೊಣಗಿದರು. ಡಿಸ್ಕನ್ನು ಅಕ್ಕನ ಮನೆಯಲ್ಲಿಟ್ಟಿದ್ದೇವೆ. ಪ್ರತಿ ಸೀಸನ್ ಬಿಲ್ಲುಗಳೆಲ್ಲ ಮುಗಿದ ಮೇಲೆ ತರಿಸಿ, ಹೊಸದನ್ನು ಸೇರಿಸಿ, ಹಳೆಯ ಫೈಲ್ ಒಂದೆರಡು ತೆರೆದು ನೋಡಿ ವಾಪಸ್ ಕಳಿಸುತ್ತೇನೆ.