ರೆಸ್ಪಿರೇಟರ್ ಮಾಸ್ಕ್: ನಾನು ಹಾಕುವ ಕ್ರಮ, ಅದು ಕೈಕೊಡುವ ಜಾಗಗಳು

ಮಾಸ್ಕ್ ಆರಿಸುವ ಮೊದಲು ನಾನು ನೋಡುವುದು ಗಾಳಿಯಲ್ಲಿ ಏನಿದೆ ಅಂತ. ಮರ ಉಜ್ಜುವಾಗ, ಕಾಂಕ್ರೀಟ್ ಕೊರೆಯುವಾಗ ಏಳುವುದು ಕಣ. ಥಿನ್ನರ್ ಡಬ್ಬಿ ತೆರೆದಾಗ ಬರುವುದು ಆವಿ. ಸ್ಪ್ರೇ ಪೇಂಟ್‌ನಲ್ಲಿ ಎರಡೂ ಇರುತ್ತವೆ. ಮೂಗು-ಬಾಯಿ ಮುಚ್ಚುವ ಬಟ್ಟೆಯಂಥ ಎನ್95 ಮಾಸ್ಕ್ ಹಿಡಿಯುವುದು ಕಣವನ್ನು ಮಾತ್ರ, 0.3 ಮೈಕ್ರಾನ್‌ನಷ್ಟು ಸಣ್ಣ ಕಣದಲ್ಲೂ ನೂರಕ್ಕೆ ಕನಿಷ್ಠ 95. ಆವಿ ಅದರೊಳಗಿಂದ ಸಲೀಸಾಗಿ ದಾಟುತ್ತದೆ. ಹಾಗಾಗಿ ಪೇಂಟ್ ಕೆಲಸಕ್ಕೆ ಮೂಗು, ಬಾಯಿ, ಗದ್ದ ಮುಚ್ಚುವ ರಬ್ಬರ್ ಹಾಫ್ ಮಾಸ್ಕ್, ಅದಕ್ಕೆ ದ್ರಾವಕದ ಆವಿ ಹೀರುವ ಇದ್ದಿಲು ತುಂಬಿದ ಡಬ್ಬಿ, ಅಂದರೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್, ಅದರ ಮೇಲೆ ಕಣ ಹಿಡಿಯುವ ಪ್ರೀ-ಫಿಲ್ಟರ್ ಹಾಕುತ್ತೇನೆ. ಎಣ್ಣೆ ಮಂಜಿನಂತೆ ಹಾರುವ ಕಡೆ ಎನ್95ನಂಥ ‘ಎನ್’ ಸರಣಿಯ ಫಿಲ್ಟರ್ ಬೇಡ, ಎಣ್ಣೆ ತಾಳುವ ‘ಪಿ’ ಸರಣಿಯದು ಬೇಕು.

ಫಿಲ್ಟರ್ ಎಷ್ಟೇ ಒಳ್ಳೆಯದಾದರೂ ಗಾಳಿ ಅದರ ಮೂಲಕವೇ ಬರಬೇಕಲ್ಲ. ಅಂಚಿನಲ್ಲಿ ಒಂದು ಸಂದು ಸಿಕ್ಕರೆ ಸಾಕು, ಅಡ್ಡಿ ಕಡಿಮೆ ಇರುವ ಆ ದಾರಿಯಲ್ಲೇ ನುಗ್ಗುತ್ತದೆ. ಎನ್95 ಹಾಕುವಾಗ ಮೊದಲು ಗದ್ದ ಕೂರಿಸುತ್ತೇನೆ. ಮೇಲಿನ ಪಟ್ಟಿ ನೆತ್ತಿಯ ಹಿಂಭಾಗಕ್ಕೆ, ಕೆಳಗಿನದು ಕಿವಿಯ ಕೆಳಗೆ ಕುತ್ತಿಗೆಗೆ. ಒಂದರ ಮೇಲೊಂದು ಅಡ್ಡ ಹಾಯಬಾರದು. ಮೂಗಿನ ಪಟ್ಟಿಯನ್ನು ಎರಡೂ ಕೈಯ ಬೆರಳುಗಳಿಂದ ನಡುವಿನಿಂದ ಪಕ್ಕಕ್ಕೆ ಒತ್ತುತ್ತಾ ಹೋಗಬೇಕು. ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಚೂಪಾಗಿ ಮಡಚಿ, ಎರಡೂ ಬದಿ ಬಾಯಿ ಬಿಡುತ್ತದೆ. ಕನ್ನಡಕ ಮಂಜಾಗುತ್ತಿದ್ದರೆ ಸೋರಿಕೆ ಅಲ್ಲೇ ಇದೆ ಎಂದರ್ಥ.

ರಬ್ಬರ್ ಮಾಸ್ಕ್‌ನಲ್ಲಿ ಪ್ರತಿ ಸಲವೂ ಎರಡು ಪರೀಕ್ಷೆ. ಕಾರ್ಟ್ರಿಜ್‌ಗಳನ್ನು ಅಂಗೈಯಿಂದ ಮುಚ್ಚಿ ಮೆಲ್ಲಗೆ ಉಸಿರೆಳೆದು ಹತ್ತು ಸೆಕೆಂಡ್ ಹಿಡಿಯುತ್ತೇನೆ. ಮಾಸ್ಕ್ ಮುಖಕ್ಕೆ ಅಂಟಿಕೊಂಡೇ ಇರಬೇಕು. ಆಮೇಲೆ ಉಸಿರು ಹೊರಹೋಗುವ ವಾಲ್ವ್ ಮುಚ್ಚಿ ಮೆಲ್ಲಗೆ ಊದುತ್ತೇನೆ. ಮಾಸ್ಕ್ ಸ್ವಲ್ಪ ಉಬ್ಬಬೇಕು, ಅಂಚಿನಿಂದ ಗಾಳಿ ಬರಬಾರದು. ಸೋರಿದರೆ ಪಟ್ಟಿಯನ್ನು ಇನ್ನಷ್ಟು ಬಿಗಿದು ಪ್ರಯೋಜನ ಕಡಿಮೆ, ಬಹಳ ಸಲ ಬೇರೆ ಸೈಜ್ ಬೇಕಾಗುತ್ತದೆ. ಸೀಲ್ ಕೂರುವ ಜಾಗದಲ್ಲಿ ಕುರುಚಲು ಗಡ್ಡ ಇದ್ದರೂ ಈ ಮಾಸ್ಕ್‌ಗಳು ಕೂರುವುದಿಲ್ಲ. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಇದಲ್ಲದೆ ವರ್ಷಕ್ಕೊಮ್ಮೆ ಫಿಟ್ ಟೆಸ್ಟ್ ಬೇಕು. ತಲೆಗೆ ಹುಡ್ ಹಾಕಿ ಒಳಗೆ ಸ್ಯಾಕರಿನ್ ದ್ರಾವಣ ಸಿಂಪಡಿಸುತ್ತಾರೆ. ತಲೆ ಆಡಿಸುವಾಗ, ಮಾತಾಡುವಾಗ ಬಾಯಿಗೆ ಸಿಹಿ ತಗುಲಿದರೆ ಆ ಮಾಸ್ಕ್ ಆ ಮುಖಕ್ಕಲ್ಲ. ಸರಿಯಾಗಿ ಕೂತ ಹಾಫ್ ಮಾಸ್ಕ್‌ಗೂ ಲೆಕ್ಕಕ್ಕೆ ಹಿಡಿಯುವ ರಕ್ಷಣೆ 10 ಪಟ್ಟು ಮಾತ್ರ, ಅಂದರೆ ಹೊರಗಿರುವುದರ ಹತ್ತನೇ ಒಂದು ಭಾಗ ಒಳಗೆ ಬರಬಹುದು ಅಂತಲೇ ಎಣಿಸಬೇಕು. ಕಣವನ್ನು ಬಹುತೇಕ ಪೂರ್ತಿ ಹಿಡಿಯುವ ದುಬಾರಿ ಪಿ100 ಫಿಲ್ಟರ್ ಹಾಕಿದ ಮಾತ್ರಕ್ಕೆ ಅದು ಹೆಚ್ಚುವುದಿಲ್ಲ.

ನನಗೆ ಹೆಚ್ಚು ಆತಂಕ ಇರುವುದು ಕಾರ್ಟ್ರಿಜ್ ವಿಷಯದಲ್ಲಿ. ದೂಳಿನ ಫಿಲ್ಟರ್ ತುಂಬಿದರೆ ಉಸಿರಾಟ ಬಿಗಿಯುತ್ತದೆ, ಬದಲಿಸುತ್ತೇವೆ. ಆವಿಯ ಕಾರ್ಟ್ರಿಜ್‌ನೊಳಗಿನ ಇದ್ದಿಲು ಭರ್ತಿಯಾದರೂ ಉಸಿರು ಅಷ್ಟೇ ಸರಾಗ. ವಾಸನೆ ಬಂದಾಗ ಬದಲಿಸೋಣ ಅನ್ನುವುದು ಅಪಾಯ: ಮೂಗು ವಾಸನೆಗೆ ಒಗ್ಗಿಹೋಗುತ್ತದೆ, ಎರಡು ಭಾಗ ಕಲೆಸುವ ಪೇಂಟ್‌ಗಳಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಅಪಾಯದ ಮಟ್ಟದಲ್ಲೂ ಮೂಗಿಗೆ ಸಿಗದೆ ಹೋಗಬಹುದು. ಆದ್ದರಿಂದ ತೆರೆದ ದಿನಾಂಕ, ಬಳಸಿದ ಗಂಟೆ ಎರಡನ್ನೂ ಕಾರ್ಟ್ರಿಜ್ ಮೇಲೇ ಮಾರ್ಕರ್‌ನಲ್ಲಿ ಬರೆದು, ತಯಾರಕರ ಲೆಕ್ಕದ ಅವಧಿ ಮುಗಿಯುವ ಮೊದಲೇ ಬದಲಿಸುತ್ತೇನೆ. ತೇವ ಹೆಚ್ಚಿದ್ದರೆ, ಸೆಕೆ ಇದ್ದರೆ ಆ ಅವಧಿ ಕುಗ್ಗುತ್ತದೆ. ಮೆಥನಾಲ್, ಡೈಕ್ಲೋರೋಮೀಥೇನ್‌ನಂಥ ಬೇಗ ಆರುವ ದ್ರಾವಕಗಳನ್ನಂತೂ ಇದ್ದಿಲು ಬಹಳ ಹೊತ್ತು ಹಿಡಿದಿಡುವುದಿಲ್ಲ. ಕೆಲಸ ನಿಂತ ಮೇಲೂ ಹಿಡಿದ ಆವಿ ಇದ್ದಿಲಿನೊಳಗೆ ಸರಿಯುತ್ತಲೇ ಇರುತ್ತದೆ, ಮರುದಿನದ ಮೊದಲ ಉಸಿರಿಗೇ ಬರಬಹುದು. ಬಿಚ್ಚಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ತೇವ, ಹೊರಗಿನ ಆವಿ ತಪ್ಪುತ್ತದೆ; ಈ ಸರಿದಾಟ ತಪ್ಪುವುದಿಲ್ಲ.

ಕಾರ್ಟ್ರಿಜ್ ತೆಗೆದು ರಬ್ಬರ್ ಭಾಗವನ್ನು ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸುತ್ತೇನೆ. ವಾಲ್ವ್‌ನ ತೆಳು ಪದರದಡಿ ಒಂದು ಕೂದಲೋ ಪೇಂಟ್ ಚೂರೋ ಸಿಕ್ಕಿಕೊಂಡಿದ್ದರೂ ಸೋರುತ್ತದೆ. ಎನ್95 ತೊಳೆಯಬಾರದು, ಸ್ಯಾನಿಟೈಸರ್ ಹಾಕಬಾರದು. ಕಣ ಸೆಳೆಯುವ ಸ್ಥಾಯೀ ವಿದ್ಯುತ್ ಅಲ್ಲಿಗೆ ಮುಗಿಯುತ್ತದೆ, ನೋಡಲು ಮಾತ್ರ ಹೊಸದರಂತಿರುತ್ತದೆ.

ಬಾವಿ, ಟ್ಯಾಂಕ್, ಮ್ಯಾನ್‌ಹೋಲ್‌ಗೆ ಇವು ಯಾವುವೂ ಅಲ್ಲ. ಮಾಸ್ಕ್ ಗಾಳಿಯನ್ನು ಸೋಸುತ್ತದೆ, ಆಮ್ಲಜನಕ ಕೊಡುವುದಿಲ್ಲ. ಮಾಮೂಲಿ ಗಾಳಿಯಲ್ಲಿ ಅದು ಶೇ. 20.9, ಮೀಟರ್ 19.5ಕ್ಕಿಂತ ಕೆಳಗೆ ತೋರಿಸಿದರೆ ಸೋಸುವ ಮಾಸ್ಕ್ ಹಾಕಿ ಇಳಿಯುವಂತಿಲ್ಲ. ಜನರೇಟರ್ ಹೊಗೆಯ ಕಾರ್ಬನ್ ಮಾನಾಕ್ಸೈಡನ್ನೂ ಈ ಕಾರ್ಟ್ರಿಜ್ ಹಿಡಿಯುವುದಿಲ್ಲ. ಅಂಥ ಕಡೆ ಬೆನ್ನಿಗೆ ಗಾಳಿ ಸಿಲಿಂಡರ್ ಅಥವಾ ಹೊರಗಿನಿಂದ ಶುದ್ಧ ಗಾಳಿ ತರುವ ಪೈಪ್ ಇರಬೇಕು, ಮೇಲೆ ಹಗ್ಗ ಹಿಡಿದವರು ಇರಬೇಕು. ಇಲ್ಲದಿದ್ದರೆ ಇಳಿಯುವುದು ಬೇಡ.