ತಂತಿ ಕಿತ್ತರೆ ಏನಾಗುತ್ತೆ? ಪೀಣ್ಯದಲ್ಲಿ ನನ್ನ ಇಂಟರ್ನ್‌ಶಿಪ್

ಎಂಟನೇ ಸೆಮಿಸ್ಟರ್‌ನಲ್ಲಿ ನಾನು ಪೀಣ್ಯದ ಒಂದು ಚಿಕ್ಕ ಆಟೊಮೇಷನ್ ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡಿದೆ. ಕಂಟ್ರೋಲ್ ಪ್ಯಾನೆಲ್ ಕಟ್ಟುವುದು, ಪಿಎಲ್‌ಸಿಗೆ (ಮಷೀನ್ ನಡೆಸುವ ಚಿಕ್ಕ ಕಂಪ್ಯೂಟರ್) ಪ್ರೋಗ್ರಾಂ ಬರೆಯುವುದು, ಸೈಟಿಗೆ ಹೋಗಿ ಚಾಲೂ ಮಾಡಿಕೊಡುವುದು ಅಲ್ಲಿನ ಕೆಲಸ. ಕಾಲೇಜ್ ಲ್ಯಾಬಿನಲ್ಲಿ ಟ್ರಾಫಿಕ್ ಸಿಗ್ನಲ್ ಪ್ರೋಗ್ರಾಂ ಮಾಡಿದ್ದೆ. ಲ್ಯಾಡರ್, ಅಂದರೆ ಏಣಿಯಂಥ ಚಿತ್ರದಲ್ಲಿ ಬರೆಯುವ ಪಿಎಲ್‌ಸಿ ಪ್ರೋಗ್ರಾಂ, ಚೆನ್ನಾಗಿ ಬರುತ್ತಿತ್ತು.

ಮೊದಲ ಮೂರು ವಾರ ವೈರಿಂಗ್ ಬೆಂಚಿನ ಹತ್ತಿರವೇ ಇದ್ದೆ. ತಂತಿಯ ತುದಿ ಸುಲಿಯುವುದು, ನಂಬರ್ ಇರುವ ಫೆರುಲ್ (ಗುರುತಿನ ಕೊಳವೆ) ತೂರಿಸುವುದು, ಲಗ್ (ಲೋಹದ ತುದಿ) ಹಾಕಿ ಒತ್ತಿ ಕ್ರಿಂಪ್ ಮಾಡುವುದು, ಟರ್ಮಿನಲ್‌ಗೆ ಬಿಗಿದ ಮೇಲೆ ಒಮ್ಮೆ ಎಳೆದು ನೋಡುವುದು. ಅಲ್ಲಿದ್ದ ಹಿರಿಯ ವೈರ್‌ಮನ್ ಅಣ್ಣ ನನಗೆ ಕಲಿಸಿದವರು. ಅವರು ಪ್ರೋಗ್ರಾಮಿಂಗ್ ಕಲಿತವರಲ್ಲ. ಆದರೆ ನನ್ನ ಲ್ಯಾಡರ್ ನೋಡಿ ತಕ್ಷಣ ತಪ್ಪು ಹೇಳುತ್ತಿದ್ದರು. ಕಾರಣ ಆಮೇಲೆ ಗೊತ್ತಾಯಿತು. 1968ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ತನ್ನ ಕಾರ್ಖಾನೆಯ ರಿಲೇ (ಕರೆಂಟಿನಿಂದ ಆನ್-ಆಫ್ ಆಗುವ ಸ್ವಿಚ್ಚು) ಪ್ಯಾನೆಲ್‌ಗಳ ಬದಲಿಗೆ ಬೇರೆ ಸಾಧನ ಬೇಕು ಅಂತ ಕೇಳಿತು. ಪಿಎಲ್‌ಸಿ ಬಂದದ್ದು ಹಾಗೆ. ರಿಲೇ ಡ್ರಾಯಿಂಗ್ ಓದುವ ಎಲೆಕ್ಟ್ರಿಷಿಯನ್‌ಗೆ ಅರ್ಥವಾಗಲಿ ಅಂತ ಪ್ರೋಗ್ರಾಂ ಕೂಡ ಅದೇ ರೂಪದಲ್ಲಿ ಬಂತು. ಅಣ್ಣ ಇಪ್ಪತ್ತು ವರ್ಷ ಓದಿದ್ದು ಅದನ್ನೇ ಅಲ್ವಾ!

ಅವರು ಹಿಡಿದ ಮೊದಲ ತಪ್ಪು ಸ್ಟಾಪ್ ಬಟನ್‌ನದು. ನಾನು ಎನ್‌ಒ (ನಾರ್ಮಲಿ ಓಪನ್) ಕಾಂಟ್ಯಾಕ್ಟ್ ತೋರಿಸಿದ್ದೆ. ಅಂದರೆ ಒತ್ತಿದಾಗ ಮಾತ್ರ ಪಿಎಲ್‌ಸಿಗೆ 24 ವೋಲ್ಟ್ ಹೋಗುತ್ತದೆ.

"ನೋಡಮ್ಮ, ಈ ತಂತಿ ಕಿತ್ತು ಬಂದ್ರೆ ಏನಾಗುತ್ತೆ?" ಅಂತ ಕೇಳಿದರು.

ಯೋಚಿಸಿದೆ. ಏನೂ ಆಗುವುದಿಲ್ಲ, ಮಷೀನ್ ಓಡುತ್ತಲೇ ಇರುತ್ತದೆ. ಯಾರೋ ಗಾಬರಿಯಿಂದ ಸ್ಟಾಪ್ ಒತ್ತಿದರೂ ನಿಲ್ಲುವುದಿಲ್ಲ. ಅದಕ್ಕೇ ಸ್ಟಾಪ್ ಬಟನ್ ಯಾವಾಗಲೂ ಎನ್‌ಸಿ (ನಾರ್ಮಲಿ ಕ್ಲೋಸ್ಡ್) ಇರಬೇಕು. ಬಟನ್ ಒತ್ತದೇ ಇರುವಾಗ 24 ವೋಲ್ಟ್ ಬರುತ್ತಲೇ ಇರಬೇಕು. ಒತ್ತಿದರೂ ಸರಿ, ತಂತಿ ಕಿತ್ತರೂ ಸರಿ, ಅದು ಹೋಗುತ್ತದೆ, ಮಷೀನ್ ನಿಲ್ಲುತ್ತದೆ.

ಅದೇ ಪ್ರಶ್ನೆ ಆಮೇಲೆ ಎಲ್ಲ ಕಡೆ ಬಂತು. ನೆಲಮಂಗಲದ ಹತ್ತಿರ ಒಂದು ನೀರು ಶುದ್ಧೀಕರಣದ ಕೆಲಸವಿತ್ತು. 5 ಮೀಟರ್ ಎತ್ತರದ ಟ್ಯಾಂಕು. ನೀರಿನ ಮಟ್ಟ ಅಳೆಯುವ ಟ್ರಾನ್ಸ್‌ಮಿಟರ್ 4ರಿಂದ 20 ಮಿಲಿಆಂಪ್ ಕೊಡುತ್ತದೆ. ಟ್ಯಾಂಕು ಖಾಲಿ ಇದ್ದರೆ 4, ತುಂಬಿದರೆ 20. ಸೊನ್ನೆಯಿಂದ ಯಾಕೆ ಶುರು ಮಾಡಲ್ಲ ಅಂತ ಪುಸ್ತಕದಲ್ಲಿ ಓದಿದ್ದೆ, ಆದರೆ ಮನಸ್ಸಿಗೆ ಇಳಿದಿರಲಿಲ್ಲ. ಸೊನ್ನೆಯಿಂದ ಶುರುವಾದರೆ ತಂತಿ ತುಂಡಾಗಿದ್ದಕ್ಕೂ ಟ್ಯಾಂಕು ಖಾಲಿಯಾಗಿದ್ದಕ್ಕೂ ವ್ಯತ್ಯಾಸವೇ ಇರಲ್ಲ. ಖಾಲಿ ಅಂದುಕೊಂಡು ಪಂಪು ನೀರು ತುಂಬುತ್ತಲೇ ಇರುತ್ತದೆ. 4ಕ್ಕಿಂತ ತೀರಾ ಕಡಿಮೆ ಬಂದರೆ ಅದು ಮಟ್ಟವಲ್ಲ, ಫಾಲ್ಟ್. ಪಂಪು ನಿಲ್ಲಿಸಿ ಅಲಾರಂ ಕೊಡುವ ಹಾಗೆ ಆ ಸಾಲು ನಾನೇ ಬರೆದೆ.

ಸೈಟಿನಲ್ಲಿ ಬೇರೆಯೇ ತೊಂದರೆ ಕಾದಿತ್ತು. ಟ್ಯಾಂಕು ಅರ್ಧ ತುಂಬಿದಾಗ 12 ಮಿಲಿಆಂಪ್ ಬರಬೇಕು. ನಾವು ಹಾಕಿದ್ದ ಸೀಮೆನ್ಸ್ ಎಸ್‌7-1200ರಲ್ಲಿ 4-20 ಮಿಲಿಆಂಪ್ ಅನ್ನುವುದು 0ರಿಂದ 27648ರ ತನಕದ ಸಂಖ್ಯೆಯಾಗಿ ಕಾಣುತ್ತದೆ. ಹಾಗಾಗಿ ಸುಮಾರು 13824 ಕಾಣಬೇಕು. ಕಂಡಿತು ಕೂಡ. ಪಂಪು ಶುರುವಾದ ಕೂಡಲೇ ಸಂಖ್ಯೆ ಕುಣಿಯತೊಡಗಿತು. ಪರದೆಯ ಮೇಲೆ ನೀರಿನ ಮಟ್ಟ 2.3 ಮೀಟರ್, 2.8, ಮತ್ತೆ 2.4.

ನಾನು ಪ್ರೋಗ್ರಾಂನಲ್ಲೇ ಸರಿಮಾಡಲು ಹೊರಟೆ. ಹತ್ತು ರೀಡಿಂಗ್‌ಗಳ ಸರಾಸರಿ ತೆಗೆದೆ. ಸಾಲಲಿಲ್ಲ, ಐವತ್ತು ಮಾಡಿದೆ. ಪರದೆ ಶಾಂತವಾಯಿತು. ಆದರೆ ನಿಜವಾದ ಮಟ್ಟ ಏರಿದರೂ ತಡವಾಗಿ ತೋರಿಸುತ್ತಿತ್ತು. ಎರಡು ದಿನ ಹೀಗೇ ಹೋಯಿತು. ಸಂಜೆ ಬಸ್ಸಿನಲ್ಲೂ ಅದೇ ಯೋಚನೆ.

ಮೂರನೇ ದಿನ ಅಣ್ಣ ಬಂದರು. ಲ್ಯಾಪ್‌ಟಾಪ್ ಕಡೆ ನೋಡಲೇ ಇಲ್ಲ. ಪಂಪು ನಿಲ್ಲಿಸಲು ಹೇಳಿದರು. ಸಂಖ್ಯೆ ನಿಂತಿತು. ಚಾಲೂ ಮಾಡಿಸಿದರು. ಮತ್ತೆ ಕುಣಿಯಿತು. ಹೋಗಿ ಕೇಬಲ್ ಟ್ರೇ ಮುಚ್ಚಳ ಎತ್ತಿದರು. ಟ್ರಾನ್ಸ್‌ಮಿಟರ್‌ನ ತೆಳು ಕೇಬಲ್ಲು ವಿಎಫ್‌ಡಿಯಿಂದ (ಮೋಟರಿನ ವೇಗ ಹೊಂದಿಸುವ ಸಾಧನ) ಮೋಟರಿಗೆ ಹೋಗುವ ದಪ್ಪ ಕೇಬಲ್ಲಿಗೆ ಅಂಟಿಕೊಂಡೇ ಮಲಗಿತ್ತು. ಅದರ ಶೀಲ್ಡ್‌ಗೆ, ಅಂದರೆ ಒಳಗಿನ ತಂತಿಗಳನ್ನು ಸುತ್ತಿರುವ ಲೋಹದ ಹೊದಿಕೆಗೆ, ಎಲ್ಲೂ ಅರ್ಥಿಂಗ್ ಇರಲಿಲ್ಲ. ವಿಎಫ್‌ಡಿ ಮೋಟರಿಗೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕತ್ತರಿಸಿ ಕೊಡುತ್ತದೆ. ಆ ಗದ್ದಲ ಪಕ್ಕದ ತಂತಿಗೂ ಹತ್ತುತ್ತದೆ. ಅಣ್ಣ ಬೇರೊಂದು ಶೀಲ್ಡ್ ಕೇಬಲ್ಲನ್ನು ಸುಮ್ನೆ ನೆಲದ ಮೇಲೆ ದೂರದಿಂದ ಎಳೆದು ಜೋಡಿಸಿದರು. ಶೀಲ್ಡನ್ನು ಪ್ಯಾನೆಲ್ ತುದಿಯಲ್ಲಿ ಮಾತ್ರ ಅರ್ಥ್ ಮಾಡಿದರು. ಪಂಪು ಓಡುತ್ತಿದ್ದರೂ ಸಂಖ್ಯೆ ಹೆಚ್ಚುಕಡಿಮೆ ಅಲ್ಲಾಡಲಿಲ್ಲ. ಮಧ್ಯಾಹ್ನ ಇಬ್ಬರೂ ಸೇರಿ ಅದಕ್ಕೆ ಬೇರೆ ಪೈಪ್ ಹಾಕಿದೆವು. ಮೋಟರ್ ಕೇಬಲ್ ದಾಟಲೇಬೇಕಾದ ಒಂದು ಜಾಗದಲ್ಲಿ ಅಡ್ಡವಾಗಿ ದಾಟಿಸಿದೆವು. ನನ್ನ ಐವತ್ತರ ಸರಾಸರಿಯನ್ನು ನಾನೇ ಅಳಿಸಿದೆ. ತೊಂದರೆ ಹಾಗೇ ಉಳಿದು ಕಣ್ಣಿಗೆ ಮಾತ್ರ ಕಾಣದಂತೆ ಮಾಡಿದ್ದು ಅದು. ಅದಿದ್ದರೆ ಮುಂದೆ ಸೈಟ್ ನೋಡಿಕೊಳ್ಳುವವರಿಗೆ ಕಷ್ಟವಾಗುತ್ತಿತ್ತು.

ಪ್ರೋಗ್ರಾಂಗೆ ನೀರು ಕಾಣಲ್ಲ, ಪಂಪು ಕಾಣಲ್ಲ. ತಂತಿ ಹೇಳಿದ್ದೇ ಅದಕ್ಕೆ ಸತ್ಯ. ಇದನ್ನು ತಿಳಿಯಲು ನನಗೆ ಆ ಎರಡು ದಿನ ಬೇಕಾಯಿತು. ಇಂಟರ್ನ್‌ಶಿಪ್‌ಗೆ ಹೋಗುವ ಜೂನಿಯರ್‌ಗಳು ಕೇಳಿದರೆ ನಾನು ಹೇಳುವುದು ಇಷ್ಟೇ: ವೈರಿಂಗ್ ಬೆಂಚಿಗೆ ಕಳಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ಅಲ್ಲಿ ಜಾಸ್ತಿ ದಿನ ಇರಿ. ಮಲ್ಟಿಮೀಟರ್ ನಿಮ್ಮ ಕೈಯಲ್ಲೇ ಇರಲಿ.

ಕೊನೆಯ ವಾರ ಇನ್ನೊಂದು ಪ್ಯಾನೆಲ್ ಟೆಸ್ಟಿಂಗ್ ಇತ್ತು. ಇನ್‌ಪುಟ್ ಪಟ್ಟಿಯ ಪಕ್ಕದಲ್ಲಿ 'ತಂತಿ ಕಿತ್ತರೆ' ಅಂತ ಹೊಸ ಕಾಲಂ ಎಳೆದೆ. ಟರ್ಮಿನಲ್‌ನಿಂದ ಒಂದೊಂದೇ ತಂತಿ ಬಿಚ್ಚಿ, ಏನಾಯಿತು ಅಂತ ಬರೆಯುತ್ತಾ ಹೋದೆ. ಟ್ಯಾಂಕು ತುಂಬಿತು ಅಂತ ಹೇಳುವ ಫ್ಲೋಟ್ ಸ್ವಿಚ್ಚಿನ ತಂತಿ ಬಿಚ್ಚಿದಾಗ ಪಂಪಿನ ಔಟ್‌ಪುಟ್ ಲೈಟು ಆರಲಿಲ್ಲ. ಅಣ್ಣನನ್ನು ಕರೆದು ತೋರಿಸಿದೆ. ಅವರು ಡ್ರಾಯಿಂಗ್‌ನಲ್ಲಿ ಎನ್‌ಒ ಹೊಡೆದು ಎನ್‌ಸಿ ಅಂತ ಬರೆದರು. ನಾನು ಪ್ರೋಗ್ರಾಂ ತಿದ್ದಿ ಮತ್ತೆ ಡೌನ್‌ಲೋಡ್ ಮಾಡಿದೆ. ತಂತಿ ಜೋಡಿಸಿ, ಇನ್ನೊಮ್ಮೆ ಬಿಚ್ಚಿದೆವು. ಲೈಟು ಆರಿತು.